ಅರಮನೆಗೆ ಬಂದ ಬಸವನಹುಳು

ಹೊನ್ನಗಲ್ಲಿನ ಪಾಳೆಯಗಾರ ಕೆಂಚನಾಯಕ ಒಂದು ದಿನ ಸಭೆಯಲ್ಲಿ ಎದೆಯುಬ್ಬಿಸಿ ಸಾರಿದ: "ನಮ್ಮ ಸೀಮೆಯಲ್ಲಿ ಇನ್ನು ಯಾವ ಬಸವನಿಗೂ ನೋವಾಗಬಾರದು. ಬಸವನಹುಳುವಿಗೂ ಅಷ್ಟೆ."

ಇದನ್ನು ಅವನ ತಲೆಗೆ ತುಂಬಿದವರು ಆಸ್ಥಾನದ ನರಹರಿ ಜೋಯಿಸರು. ಹುಳುವಿನ ಹೆಸರಿನಲ್ಲೇ ಬಸವನಿದ್ದಾನೆ, ತಲೆಯ ಮೇಲೆ ಕೊಂಬಿದೆ, ನಡಿಗೆಯೂ ಗಂಭೀರ. ಅದನ್ನು ಕೊಂದವರಿಗೆ ಪಾಪ ತಪ್ಪದು ಎಂದು ಅವರು ವಿವರಿಸಿದ್ದರು. ಜೋಯಿಸರಿಗೆ ತೋಟವಿರಲಿಲ್ಲ.

ಆ ವರ್ಷ ಜಡಿಮಳೆ ಹಿಡಿದು, ಕೋಟೆಯ ಕೆಳಗಿನ ತರಕಾರಿ ತೋಟಗಳಲ್ಲಿ ಚಿಪ್ಪಿಲ್ಲದ ಬಸವನಹುಳು ವಿಪರೀತವಾಗಿತ್ತು. ಬೆರಳುದ್ದದ ಲೋಳೆ ಹುಳುಗಳು ಹರಿವೆ, ಬಸಳೆ, ಬದನೆ ಸಸಿಗಳನ್ನೆಲ್ಲ ಮೇಯ್ದು, ಹೋದ ದಾರಿಯಲ್ಲಿ ಬೆಳ್ಳಿಯಂಥ ಗೆರೆ ಬಿಡುತ್ತಿದ್ದವು. ಅಲ್ಲೇ ತೋಟ ಮಾಡಿ ಪೇಟೆಗೆ ಸೊಪ್ಪು ತರುತ್ತಿದ್ದ ಸಾತವ್ವ ನಾಯಕನ ಮುಂದೆ ಬಂದು ಕೈಮುಗಿದಳು. ಹುಳುವನ್ನು ಮುಟ್ಟುವಂತಿಲ್ಲ ಅಂದರೆ ಸೊಪ್ಪು ಎಲ್ಲಿಂದ ತರಲಿ ಎಂದು ಕೇಳಿದಳು.

ನಾಯಕ ಯೋಚಿಸಿ ಅಪ್ಪಣೆ ಕೊಟ್ಟ. ಹುಳು ಸಾಯಬಾರದು, ಪೇಟೆಗೆ ಸೊಪ್ಪೂ ತಪ್ಪಬಾರದು. ತಪ್ಪಿದರೆ ತೋಟ ಬೇರೆಯವರ ಪಾಲು.

ಮಂತ್ರಿ ಬೊಮ್ಮರಸ ಇದು ನಡೆಯುವ ಮಾತಲ್ಲ ಎಂದು ಬಿಡಿಸಿ ಹೇಳಿದ. ನಾಯಕ ಕಿವಿಗೆ ಹಾಕಿಕೊಳ್ಳಲಿಲ್ಲ. ಆಗ ಬೊಮ್ಮರಸ ವಾದ ಬಿಟ್ಟು ಒಂದೇ ಪ್ರಶ್ನೆ ಕೇಳಿದ.

"ಪ್ರಭು, ಆ ಬಸವಗಳನ್ನು ಗೌರವದಿಂದ ಇನ್ನೂ ಒಳ್ಳೆಯ ಜಾಗಕ್ಕೆ ಕರೆದೊಯ್ದರೆ ಪಾಪವೇ?"

ನಾಯಕ ಜೋಯಿಸರ ಮುಖ ನೋಡಿದ. ಅದು ಪುಣ್ಯದ ಕೆಲಸ ಎಂದರು ಜೋಯಿಸರು.

ಬೊಮ್ಮರಸ ನೇರವಾಗಿ ಸಾತವ್ವನ ತೋಟಕ್ಕೆ ಹೋದ. ಅವಳು ಬೋಳಾದ ಪಾತಿಯ ಪಕ್ಕ ಕೂತು ಅಳುತ್ತಿದ್ದಳು. ಸಂಜೆ ಒದ್ದೆ ಗೋಣಿಗಳನ್ನು ಹಾಸಿ, ಅಡಿಯಲ್ಲಿ ಸೌತೆಸಿಪ್ಪೆ ಇಡು ಎಂದು ಹೇಳಿಕೊಟ್ಟ. ಬೆಳಿಗ್ಗೆ ಎತ್ತಿದರೆ ತಂಪಿಗೆ ಸೇರಿದ ಹುಳುಗಳು ಗೋಣಿಗೆ ದಟ್ಟವಾಗಿ ಅಂಟಿದ್ದವು. ಉಳಿದ ತೋಟದವರೂ ಹಾಗೇ ಮಾಡಿದರು.

ಮೂರನೆಯ ದಿನ ಹದಿನಾಲ್ಕು ಬುಟ್ಟಿ ಹುಳು ಹೂವಿನ ಅಲಂಕಾರದಲ್ಲಿ, ಡೋಲು ಬಡಿಸಿಕೊಂಡು ಕೋಟೆ ಹತ್ತಿತು. ಬಸವನ ಸವಾರಿ ಬಂತೆಂದು ನಾಯಕ ತಾನೇ ನಿಂತು ಆರತಿ ಎತ್ತಿಸಿದ. ಇಷ್ಟು ದೊಡ್ಡವರಿಗೆ ಅರಮನೆಯ ಕೈತೋಟಕ್ಕಿಂತ ತಕ್ಕ ಜಾಗ ಇನ್ನೆಲ್ಲಿದೆ ಎಂದ ಬೊಮ್ಮರಸ. ನಾಯಕನಿಗೂ ಸರಿಯೆನಿಸಿತು. ಬುಟ್ಟಿಗಳನ್ನು ಅಲ್ಲೇ ಬರಿದುಮಾಡಿದರು.

ಐದು ದಿನದಲ್ಲಿ ಅರಮನೆಗೆ ಸೊಪ್ಪು ಕೊಡುತ್ತಿದ್ದ ಕೈತೋಟ ಬೋಳಾಯಿತು. ಸೊಪ್ಪಿಲ್ಲದೆ ತುತ್ತು ಇಳಿಯದ ನಾಯಕನ ಮುಂದೆ ಅಡುಗೆಯವರು ಅನ್ನ, ಮಜ್ಜಿಗೆ ಇಟ್ಟು ದೂರ ನಿಂತರು. ವೀಳ್ಯ ಕೇಳಿದ. ಬಳ್ಳಿಯಲ್ಲಿ ಉಳಿದಿದ್ದ ಎರಡು ಎಲೆ ತಂದುಕೊಟ್ಟರು. ಎರಡರಲ್ಲೂ ತೂತು.

ಬೊಮ್ಮರಸನಿಗೂ ಜೋಯಿಸರಿಗೂ ಕರೆ ಹೋಯಿತು. ಈ ಹುಳುಗಳನ್ನು ಇವತ್ತೇ ತೊಲಗಿಸಬೇಕು ಎಂದ ನಾಯಕ.

"ಬಸವನನ್ನು ತೊಲಗಿಸಲು ನನಗೆ ಭಯವಾಗುತ್ತದೆ, ಪ್ರಭು," ಎಂದ ಬೊಮ್ಮರಸ. "ಜೋಯಿಸರು ಅಪ್ಪಣೆ ಕೊಟ್ಟರೆ ಆಗಬಹುದು."

ಜೋಯಿಸರು ನಾಯಕನ ಮುಖವನ್ನೂ ಮಜ್ಜಿಗೆಯ ಬಟ್ಟಲನ್ನೂ ನೋಡಿದರು. ಆಮೇಲೆ, ಇವಕ್ಕೆ ಬೆನ್ನ ಮೇಲೆ ಡುಬ್ಬವಿಲ್ಲ, ಡುಬ್ಬವಿಲ್ಲದ್ದು ಬಸವನಾಗಲಾರದು, ಆದ್ದರಿಂದ ಬರೀ ಹುಳು ಎಂದು ನಿರ್ಣಯಿಸಿದರು.

"ಸಾತವ್ವನ ತೋಟದಲ್ಲಿದ್ದಾಗ ಇವಕ್ಕೆ ಡುಬ್ಬವಿತ್ತೇ, ಜೋಯಿಸರೇ?" ಎಂದು ಕೇಳಿದ ಬೊಮ್ಮರಸ.



ನಾಯಕನಿಗೆ ಅರ್ಥವಾಯಿತು. ಮಧ್ಯಾಹ್ನದೊಳಗೆ ಹಳೆಯ ಅಪ್ಪಣೆ ರದ್ದಾಯಿತು. ಸಾತವ್ವನ ತೋಟ ಅವಳಿಗೇ ಕಾಯಮಾಯಿತು. ಕೈತೋಟದಲ್ಲಿ ಆಳುಗಳು ಹುಳುಗಳನ್ನು ಹೆಕ್ಕಿ ತೆಗೆದು, ಪಾತಿಗಳ ಸುತ್ತ ಒಣ ಬೂದಿಯೂ ಸುಣ್ಣವೂ ಉದುರಿಸಿದರು. ಅದನ್ನು ನೋಡುತ್ತ ನಿಂತ ನಾಯಕ ಸ್ವಲ್ಪ ಮುನಿಸಿನಿಂದಲೇ ಕೇಳಿದ.

"ಮೊದಲೇ ನನಗೆ ನೇರವಾಗಿ ಹೇಳಬಹುದಿತ್ತಲ್ಲ, ಬೊಮ್ಮರಸ?"

"ಹೇಳಿದ್ದೆ, ಪ್ರಭು. ಆಗ ತಮ್ಮ ತಟ್ಟೆಯಲ್ಲಿ ಸೊಪ್ಪಿತ್ತು."