ಹನುಮಪ್ಪನ ಕೆನ್ನೆಯ ಕುಳಿ

ಪೂಜೆಗೆ ಕೂತ ಗುರುಗಳು ಗಂಧದ ಬಟ್ಟಲಿಗೆ ಬೆರಳು ಹಾಕಿದರು. ಬಟ್ಟಲು ಬರಿದಾಗಿತ್ತು.

“ಸುಧೀಂದ್ರಾ, ತೇಯ್ದ ಗಂಧ ಎಲ್ಲಿ ಹೋತು?”

ಶಿಷ್ಯ ಕಂಬದ ಮರೆಯಿಂದ ಹೊರಗೆ ಬಂದ. ಹೋದ ಗಂಧವೆಲ್ಲ ಅವನ ಮುಖದ ಮೇಲಿತ್ತು. ಕಣ್ಣು, ಬಾಯಿ ಬಿಟ್ಟರೆ ಉಳಿದದ್ದೆಲ್ಲ ಗಂಧವೇ.

ಗುರುಗಳು ಅವನನ್ನು ಒಂದು ಗಳಿಗೆ ನೋಡಿದರು. ಆಮೇಲೆ ದೇವರ ಕಡೆ ತಿರುಗಿ ಕೈ ಮುಗಿದರು.

“ಇವತ್ತು ತುಳಸಿಯೊಳಗ ಸುಧಾರಿಸ್ಕೋ ತಂದೆ.”

ಹೊಳೆದಂಡೆಯ ಆ ಆಶ್ರಮದಲ್ಲಿ ಸುಧೀಂದ್ರ ಓದಿನಲ್ಲಿ ಎಲ್ಲರಿಗಿಂತ ಮುಂದು. ಆದರೆ ಇಪ್ಪತ್ತು ದಾಟಿದರೂ ಮೊಡವೆಗಳು ಅವನನ್ನು ಬಿಟ್ಟಿರಲಿಲ್ಲ. ಬಿಟ್ಟುಹೋದವು ಸುಮ್ಮನೆ ಹೋಗದೆ ಕೆನ್ನೆಯಲ್ಲಿ ಕುಳಿ ತೋಡಿಟ್ಟು ಹೋಗಿದ್ದವು. ಕಡಲೆಹಿಟ್ಟು, ಕಿತ್ತಳೆ ಸಿಪ್ಪೆ, ಹಲ್ಲುಜ್ಜುವ ಪೇಸ್ಟು, ಎಲ್ಲವನ್ನೂ ಹಚ್ಚಿ ನೋಡಿಯಾಗಿತ್ತು. ಈಗ ಹನುಮ ಜಯಂತಿ ಹತ್ತಿರ ಬಂದಿತ್ತು. ಅಂದು ಅವನ ಮೊದಲ ಪ್ರವಚನ.

ಪೂಜೆ ಮುಗಿದ ಮೇಲೆ ಅವನು ಮೊಬೈಲು ಹಿಡಿದುಕೊಂಡು ಗುರುಗಳ ಎದುರು ಕೂತ.

“ಪ್ಯಾಟ್ಯಾಗ ಚರ್ಮದ ಕ್ಲಿನಿಕ್ ಅದರೀ. ಕುಳಿಯೊಳಗ ಸೂಜಿಲೆ ಫಿಲ್ಲರ್ ತುಂಬಿ ಸಪಾಟು ಮಾಡ್ತಾರ. ಇಲ್ಲಿ ಫೋಟೋ ನೋಡ್ರಿ.”

ಗುರುಗಳು ಕನ್ನಡಕ ಏರಿಸಿ ನೋಡಿದರು.

“ಇವರಿಬ್ಬರು ಅಣ್ಣತಮ್ಮರೇನು?”

“ಒಬ್ಬನೇ ರೀ. ಇದು ಮೊದಲಿಂದು, ಇದು ಆಮ್ಯಾಲಿಂದು.”

“ಮೊದಲಿನಂವನ್ನ ಎಲ್ಲೋ ನೋಡಿದ್ಹಾಂಗ ಅನಸ್ತದ. ಎರಡನೇಯಂವ ಯಾರೋ ಗುರುತು ಹತ್ತವಲ್ಲ.”

“ಚ್ಯಾಷ್ಟಿ ಮಾಡಬ್ಯಾಡ್ರಿ ಗುರುಗಳ. ಮುಂದಿನ ಸಾಲಿನವರು ಕಥಿ ಬಿಟ್ಟು ನನ್ನ ಮುಖದ ಕುಳಿ ನೋಡ್ಕೋತ ಕೂಡ್ತಾರ. ಇದನ್ನ ಮಾಡಿಸಿಕೊಳ್ಳದ ನಾ ಪೀಠ ಏರಂಗಿಲ್ಲ.” ಅವನ ದನಿ ಇಳಿಯಿತು. “ಖರೇ ಹೇಳಬೇಕಂದ್ರ ಸೂಜಿ ಅಂದ್ರ ಅಂಜಿಕಿನೂ ಅದ. ಹೋಗ್ಲೋ ಬ್ಯಾಡೋ, ನೀವ ಹೇಳ್ರಿ.”

“ಹೇಳೋಣಂತ. ಮೊದಲ ಹನುಮಪ್ಪನ ಮುಖದ ಕೆಲಸ ಮುಗಿಸು.”

ಅರಳಿಕಟ್ಟೆಯ ಮೇಲಿನ ಹನುಮಪ್ಪ, ಯಾರು ಬೇಕಾದರೂ ಮುಟ್ಟಿ ಬೇಡಿಕೊಳ್ಳಬಹುದಾದ ದೇವರು. ತಲೆಮಾರುಗಳ ಭಕ್ತಿ ಎಣ್ಣೆಯಾಗಿ, ಸಿಂಧೂರವಾಗಿ ಅವನ ಮೈಮೇಲೆ ಪದರುಗಟ್ಟಿತ್ತು. ಮೂಗು ಮುಳುಗಿತ್ತು, ಬಾಯಿ ಮುಚ್ಚಿಹೋಗಿತ್ತು. ಹೊಸಬರು ಬಂದರೆ ಗಣಪತಿಯೆಂದು ತಿಳಿದು ಗರಿಕೆ ಇಟ್ಟು ಹೋಗುತ್ತಿದ್ದರು. ಕರುಣಾಳು ಅವನು, ಅದನ್ನೂ ಬೇಸರವಿಲ್ಲದೆ ಸ್ವೀಕರಿಸುತ್ತಿದ್ದ.

ಜಯಂತಿಯ ಒಳಗೆ ಆ ಹಳೆಯ ಸಿಂಧೂರವನ್ನೆಲ್ಲ ತೆಗೆಯಬೇಕಿತ್ತು.

ಸುಧೀಂದ್ರ ಕಾಯಿ ಒಡೆದು ಅಪ್ಪಣೆ ಬೇಡಿದ. ಬೆಚ್ಚಗಿನ ಎಣ್ಣೆ ಸವರಿ, ಬಿದಿರಿನ ಚಕ್ಕೆಯಿಂದ ಮೆಲ್ಲಗೆ ಎಬ್ಬಿಸಿದ. ಸಿಂಧೂರ ಹಪ್ಪಳದಂತೆ ಎದ್ದು ಬಂತು. ಮೂಗು ಕಂಡಿತು. ತುಟಿ ಕಂಡಿತು. ಅವನ ಕಣ್ಣಲ್ಲಿ ನೀರಾಡಿತು.

ಆಮೇಲೆ ಎಡಗೆನ್ನೆ ಕಂಡಿತು. ಅದರಲ್ಲಿ ಹೆಬ್ಬೆರಳು ಕೂರುವಷ್ಟು ದೊಡ್ಡ ಕುಳಿ.

ಅವನು ಚಕ್ಕೆಯನ್ನು ಕೆಳಗಿಟ್ಟು ಕುಳಿಯನ್ನು ಬೆರಳಿನಿಂದ ಮುಟ್ಟಿ ನೋಡಿದ.

“ಅಯ್ಯೋ ಸ್ವಾಮಿ, ನನ್ನ ಕೈಲೆ ಕಿತ್ತು ಬಂತೇನು?”

ಬಿದಿರು ಕಲ್ಲನ್ನು ಕೀಳಲಾರದು ಎಂಬುದು ಹೆದರಿದವನಿಗೆ ಎಲ್ಲಿ ಹೊಳೆಯಬೇಕು? ಅವನು ಅತ್ತಿತ್ತ ನೋಡಿದ. ಜೇನುಮೇಣ ಕರಗಿಸಿದ, ಸಿಂಧೂರ ಬೆರೆಸಿದ, ಕುಳಿ ತುಂಬಿ ಬೆರಳಿನಿಂದ ತೀಡಿದ. ಹಿಂದೆ ಸರಿದು ನೋಡಿದರೆ ಕೆನ್ನೆ ಕನ್ನಡಿಯಂತೆ ನುಣುಪು. ಹೆದರಿಕೆ ಹೋಗಿ ಚೂರು ಹೆಮ್ಮೆಯೂ ಬಂತು.

“ನಿನಗೇನಪಾ, ಸೂಜಿ ಇಲ್ಲದ ಆಗಿಹೋತು,” ಎಂದ ದೇವರಿಗೆ.

ಅಷ್ಟರಲ್ಲಿ ಊರಿನ ನೀಲವ್ವಜ್ಜಿ ಕೋಲೂರಿಕೊಂಡು ಬಂದಳು. ಕೈಯಲ್ಲಿ ಮುತ್ತುಗದ ಎಲೆ, ಎಲೆಯಲ್ಲಿ ಬೆಣ್ಣೆ. ಹಿಂದೆ ಅವಳ ಮೊಮ್ಮಗಳು ಹಸುಗೂಸನ್ನು ಎತ್ತಿಕೊಂಡಿದ್ದಳು. ಗುರುಗಳೂ ಗಂಧದ ಬಟ್ಟಲು ಹಿಡಿದುಕೊಂಡು ಬಂದು ಕಟ್ಟೆಯ ಅಂಚಿಗೆ ಕೂತರು.

“ಸಿಂಧೂರ ತೆಗಿಯಾಕತ್ತಾರಂತ ಕೇಳಿ ಓಡಿ ಬಂದೆ,” ಎಂದಳು ಅಜ್ಜಿ. “ನನ್ನ ಮಕ್ಕಳಿಗೆ ಸಿಕ್ಕಿತ್ತು, ಮೊಮ್ಮಕ್ಕಳಿಗೆ ಸಿಗಲಿಲ್ಲ. ಈ ಕೂಸಿಗರ ಸಿಗಲಿ.”

ಅವಳು ಹನುಮಪ್ಪನ ಎಡಗೆನ್ನೆ ಮುಟ್ಟಿದಳು. ಮತ್ತೆ ಮುಟ್ಟಿದಳು. ಬಲಗೆನ್ನೆಯನ್ನೂ ತಡವಿದಳು.

“ಕುಳಿ ಎಲ್ಲೈತಿ?”

ಸುಧೀಂದ್ರ ಮೇಣ ಹತ್ತಿದ ಬೆರಳನ್ನು ಪಂಚೆಗೆ ಒರೆಸಿಕೊಂಡ. “ಯಾವ ಕುಳಿ ಅಜ್ಜಿ?”

“ಸೂರ್ಯನ್ನ ಹಣ್ಣಂತ ತಿಳದು ಹಾರಿದಾಗ ಇಂದ್ರ ಹೊಡದನಲ್ಲ, ಆ ಪೆಟ್ಟಿನ ಕುಳಿ! ಕೂಸಿದ್ದಾಗ ತಿಂದ ಪೆಟ್ಟು. ನಮ್ಮವ್ವ ಅದಕ್ಕ ಬೆಣ್ಣಿ ಹಚ್ಚಿ, ‘ನೋವು ಆರಲಿ ನನ್ನಪ್ಪಾ’ ಅಂದು, ಉಳದದ್ದು ನನ್ನ ಬಾಯಿಗೆ ಇಡತಿದ್ಲು. ಆ ಕುಳಿ ಇಲ್ಲಂದ್ರ ಇಂವ ನನ್ನ ಹನುಮಪ್ಪ ಹೆಂಗಾಗ್ತಾನ?”

“ನಾನ ತುಂಬೀನಿ ಅಜ್ಜಿ,” ಎಂದ ಪಿಸುದನಿಯಲ್ಲಿ.

“ಆಂ? ಕಿವಿ ಮಂದ ಅದಾವ, ಜೋರಾಗಿ ಹೇಳು.”

“ನಾನ ತುಂಬೀನಿ.”

“ಆಂ?”

“ನಾನ! ನಾನ ಮೇಣ ತುಂಬಿ ಮುಚ್ಚೀನಿ!”

ಹೊಳೆಯ ಆಚೆ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು ಕೈ ನಿಲ್ಲಿಸಿ ಈ ಕಡೆ ನೋಡಿದರು.

ಅಜ್ಜಿ ಅವನ ಮುಖವನ್ನು ಹತ್ತಿರದಿಂದ ದಿಟ್ಟಿಸಿದಳು.

“ನಿನ್ನ ಗಲ್ಲದಾಗ ಇಷ್ಟು ಕುಳಿ ಇಟಗೊಂಡು, ಅವನ ಒಂದ ಕುಳಿ ನಿನ್ನ ಕಣ್ಣಿಗೆ ಚುಚ್ಚಿತೇನೋ ಯಪ್ಪಾ?”

ಅವನು ಉಗುರಿನಿಂದ ಮೇಣ ಕೆರೆದು ತೆಗೆದ. ಒಳಗೆ ಹಳೆಯ ಕಲ್ಲು ತಣ್ಣಗೆ, ನುಣ್ಣಗಿತ್ತು. ಎಷ್ಟೋ ತಾಯಂದಿರ ಬೆರಳು ಅದನ್ನು ಸವೆಸಿದ್ದವು.

ನೀಲವ್ವಜ್ಜಿ ಬೆಣ್ಣೆ ಹಚ್ಚಿದಳು. “ನೋವು ಆರಲಿ ನನ್ನಪ್ಪಾ,” ಎಂದಳು. ಅದೇ ಕುಳಿಯಿಂದ ಒಂದಿಷ್ಟು ತೆಗೆದು ಕೂಸಿನ ತುಟಿಗಿಟ್ಟಳು. ಕೂಸು ಚಪ್ಪರಿಸಿತು. ಕೈಯಲ್ಲಿ ಇನ್ನೂ ಬೆಣ್ಣೆ ಉಳಿದಿತ್ತು. ಅಜ್ಜಿ ಅದನ್ನು ಸುಧೀಂದ್ರನ ಎರಡೂ ಕೆನ್ನೆಗೆ ಬಳಿದಳು.

“ಇಲ್ಲಿ ಜಾಗಾ ಬಾಳ ಐತಿ,” ಎಂದಳು. “ಜಯಂತಿಗೆ ಕಥಿ ಹೇಳಾಂವ ನೀನ ಹೌದಲ್ಲೋ? ಮುಂದಿನ ಸಾಲಿನ್ಯಾಗ ನಾನ ಕುಂಡರತೀನಿ. ಈಗ ಒದರಿದಿ ನೋಡು, ಹಂಗ ಹೇಳು. ಒಂದ ಮಾತು ಕೇಳಲಿಲ್ಲಂದ್ರೂ ಎದ್ದ ಬಂದು ಕಿವಿ ಹಿಂಡತೀನಿ.”

ಅಜ್ಜಿ, ಮೊಮ್ಮಗಳು ಕೂಸಿನೊಂದಿಗೆ ಹೋದರು. ಸುಧೀಂದ್ರ ಕೆನ್ನೆ ಒರೆಸಿಕೊಳ್ಳಲಿಲ್ಲ. ಹನುಮಪ್ಪನ ಎದುರು ಅವನಂತೆಯೇ ಬೆಣ್ಣೆ ಮೆತ್ತಿಕೊಂಡು ನಿಂತಿದ್ದ.

“ಗುರುಗಳ, ಹಂಗಾದ್ರ ನಾ ಕ್ಲಿನಿಕ್ಕಿಗೆ ಹೋಗಬಾರದೇನ್ರಿ?”

“ಯಾಕ ಹೋಗಬಾರದು? ನಾಳೆನೇ ಹೋಗು. ಉರಿಯೋ ಮೊಡವಿಗೆ ಔಷಧ ತಗೊಂಡು ಬಾ. ನೋವು ಇಟಗೊಂಡ್ರ ಪುಣ್ಯ ಬರ್ತದಂತ ಯಾವ ಶಾಸ್ತ್ರದಾಗೂ ಇಲ್ಲ.”

“ಮತ್ತ ಕುಳಿ?”

ಗುರುಗಳು ಎದ್ದು ಗಂಧದ ಬಟ್ಟಲನ್ನು ಬಗಲಲ್ಲಿ ಭದ್ರವಾಗಿ ಇಟ್ಟುಕೊಂಡರು.

“ಮುಖ ನಿಂದು, ಮನಸೂ ನಿಂದು. ತುಂಬಿಸೋಕಿಂತ ಮೊದಲ ಒಮ್ಮೆ ಹಾದಿ ಕಡೆ ನೋಡು, ಯಾರರ ಬೆಣ್ಣಿ ಹಿಡ್ಕೊಂಡು ಬರಲಿಕ್ಕತ್ತಾರೇನು ಅಂತ.”