ಬೊಮ್ಮನ ಗುಡ್ಡೆಯ ಕಲ್ಲು

"ಬುದ್ಧಿ, ಬರೆದವರಿಗೆಲ್ಲ ಉತ್ತರ ಕೊಡಲೇಬೇಕೇ?" ಎಂದು ಗುರುಪಾದ ತನ್ನ ಗುರುಗಳನ್ನು ಕೇಳಿದ.

ಗುರುಪಾದ ಮಠದ ಜಾಲತಾಣವನ್ನು ನೋಡಿಕೊಳ್ಳುತ್ತಿದ್ದ ಶಿಷ್ಯ. ಮಠದ ಇತಿಹಾಸವನ್ನು ಬರೆದು ಅದರಲ್ಲಿ ಹಾಕಿದವನೂ ಅವನೇ. ಹಿಂದೊಮ್ಮೆ ದಂಡು ಬಂದು ಮಠವನ್ನು ಲೂಟಿ ಮಾಡಿದ ಪ್ರಸಂಗ ಅದರಲ್ಲಿತ್ತು. ಆ ದಿನ ಅಡುಗೆಯ ರಾಚಯ್ಯ ಪೂಜೆಯ ಬೆಳ್ಳಿ ಸಾಮಾನನ್ನು ಕಟ್ಟಿಕೊಂಡು ಓಡಿಹೋದ ಎಂದು ಅವನು ಬರೆದಿದ್ದ. ಅದನ್ನು ಓದಿದ ಯಾರೋ ಒಬ್ಬ ಹೆಂಗಸು ಮತ್ತೆ ಮತ್ತೆ ಒಂದೇ ಮಾತು ಬರೆಯುತ್ತಿದ್ದಳು. 'ಅವರು ಓಡಿಹೋಗಲಿಲ್ಲ. ಬಾವಿ ನೋಡಿ.'

"ಪ್ರತಿ ಸಲವೂ ವಿನಯದಿಂದಲೇ ಉತ್ತರ ಬರೆದಿದ್ದೇನೆ. ಮಠದಲ್ಲಿ ಬಾವಿಯೇ ಇಲ್ಲ ತಾಯಿ ಎಂದೂ ತಿಳಿಸಿದ್ದೇನೆ. ಆಕೆ ಬಿಡುತ್ತಿಲ್ಲ. ಇನ್ನೇನು ಮಾಡಲಿ, ಬುದ್ಧಿ?"

ಗುರುಗಳು ಹಿತ್ತಲಿನ ಬೇವಿನ ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಶಿಷ್ಯ ಎದುರಿಗೆ, ತಾನು ದಿನಾ ಕೂರುವ ಕಲ್ಲುಚಪ್ಪಡಿಯ ಮೇಲೆ ಕೂತಿದ್ದ. ಗುರುಗಳು ಕೈಯ ಕೋಲನ್ನು ಪಕ್ಕಕ್ಕಿಟ್ಟರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕನ್ನಡಕದ ಅಂಗಡಿಯವನಿದ್ದ. ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೊಡುವುದು ಅವನ ಕಸುಬು. ಯುದ್ಧದ ಕತೆ ಕಲೆಹಾಕುವುದು ಅವನ ಹುಚ್ಚು. ಸ್ವತಃ ಪಟಾಕಿ ಹಚ್ಚಲೂ ಹೆದರುವ ಮನುಷ್ಯ. ಆದರೆ ಯಾವ ಕೋಟೆಗೆ ಯಾವ ದಿಕ್ಕಿನಿಂದ ಏಣಿ ಹಾಕಿದರು, ಯಾವ ದಂಡಿಗೆ ಎಲ್ಲಿ ಮದ್ದು ಮುಗಿಯಿತು ಎಂದು ಕೇಳಿದರೆ ಊಟ ಬಿಟ್ಟು ಹೇಳುತ್ತಿದ್ದ. ಹೆಂಡತಿ ಕೇಳಿ ಕೇಳಿ ಸುಸ್ತಾದಳು. ಗಿರಾಕಿಗಳು ಕನ್ನಡಕ ಏರಿಸಿಕೊಂಡು ಮೆಲ್ಲಗೆ ಜಾರಿಕೊಂಡರು. ಕೇಳುವವರು ಸಿಗದೆ ಅವನು ಒಂದು ಜಾಲತಾಣ ತೆರೆದ.

ಪ್ರತಿ ಬರಹದ ಕೆಳಗೂ ಒಂದು ಚೌಕ ಇಟ್ಟಿದ್ದ. ಅದರ ಮೇಲೆ 'ನಿಮ್ಮ ಅನಿಸಿಕೆ ತಿಳಿಸಿ' ಎಂದಿತ್ತು. ಬಂದ ಅನಿಸಿಕೆಗೆಲ್ಲ ಉತ್ತರ ಕೊಡುವುದನ್ನು ಅವನು ನೇಮದಂತೆ ನಡೆಸುತ್ತಿದ್ದ. 'ನಿಮ್ಮ ಅನಿಸಿಕೆಗೆ ಧನ್ಯವಾದ. ನಮ್ಮ ಸಂಪಾದಕ ಮಂಡಲಿ ಇದನ್ನು ಪರಿಶೀಲಿಸುತ್ತದೆ' ಎಂದು ಬರೆಯುತ್ತಿದ್ದ. ಮಂಡಲಿ ಎಂದರೆ ಅವನೊಬ್ಬನೇ. ಕತ್ತಿಯ ಅಳತೆ ತಪ್ಪಿದೆ, ಫಿರಂಗಿಯ ಹೆಸರು ತಪ್ಪಿದೆ ಎಂದು ಯಾರಾದರೂ ಬರೆದರೆ ಆ ಕ್ಷಣವೇ ತಿದ್ದುತ್ತಿದ್ದ. ಅಂಥದ್ದನ್ನು ತಿದ್ದಿದರೆ ಅವನ ಗಂಟೇನೂ ಹೋಗುತ್ತಿರಲಿಲ್ಲ. ಜನರೂ ಎಂಥ ದೊಡ್ಡ ಮನಸ್ಸು ಎಂದು ಹೊಗಳುತ್ತಿದ್ದರು.

ಆ ಊರಿನ ಪಕ್ಕದಲ್ಲಿ, ಬಂಡೆಯ ಮೇಲೆ, ಒಂದು ಪಾಳು ಕೋಟೆ ಇತ್ತು. ಹೆಬ್ಬಾಗಿಲಿನ ಒಳಗೆ ಒಂದು ಕಲ್ಲಿನ ಗುಡ್ಡೆ. ಜನ ಅದನ್ನು ಬೊಮ್ಮನ ಗುಡ್ಡೆ ಎನ್ನುತ್ತಿದ್ದರು. ಬೊಮ್ಮ ಹೆಬ್ಬಾಗಿಲಿನ ಕಾವಲುಗಾರ. ಕೋಟೆ ಬಿದ್ದ ದಿನ ಅಲ್ಲೇ ಸತ್ತ. ಜನರಿಗೆ ಗೊತ್ತಿದ್ದದ್ದು ಇಷ್ಟೇ. ಆ ದಾರಿಯಲ್ಲಿ ಹೋಗುವವರು ಗುಡ್ಡೆಗೆ ಒಂದು ಕಲ್ಲು ಸೇರಿಸಿ ಹೋಗುವ ವಾಡಿಕೆಯಿತ್ತು. ಯಾಕೆ ಎಂದು ಯಾರೂ ಕೇಳಿರಲಿಲ್ಲ.

ಕನ್ನಡಕದವನು ತನ್ನನ್ನೇ ಕೇಳಿಕೊಂಡ. ಉತ್ತರವನ್ನೂ ತಾನೇ ಕೊಟ್ಟುಕೊಂಡ. ಸತ್ತವನ ಮೇಲೆ ಕಲ್ಲು ಹಾಕುತ್ತಾರೆ ಎಂದರೆ ಅವನು ದ್ರೋಹಿಯೇ ಇರಬೇಕು. ವೈರಿಗೆ ಬಾಗಿಲು ತೆಗೆದವನು ಅವನೇ ಇರಬೇಕು. ಹೀಗೆ ಊಹೆಯೆಂದು ಬರೆದರೆ ಬರಹ ಸಪ್ಪೆಯಾಗುತ್ತದೆ ಎನಿಸಿತು. ಕಣ್ಣಾರೆ ಕಂಡವನ ಹಾಗೆ ಬರೆದ.

ಆ ಬರಹ ಎಲ್ಲಿಲ್ಲದ ಹೆಸರು ಮಾಡಿತು. ಶಾಲೆಯ ಮಕ್ಕಳು ಅದನ್ನು ನಾಟಕವಾಡಿದರು. ಊರಿನವರು ಅವನಿಗೆ ಶಾಲು ಹೊದಿಸಿದರು. ರಜಾದಿನಗಳಲ್ಲಿ ಬಸ್ಸು ಮಾಡಿಕೊಂಡು ಜನ ಕೋಟೆಗೆ ಬರತೊಡಗಿದರು. ಹೆಬ್ಬಾಗಿಲು ದಾಟಿ, ದೂರ ನಿಂತು, ಬೈಗುಳ ಹಾಕಿ ಗುಡ್ಡೆಗೆ ಕಲ್ಲೆಸೆದರು. ಮೊಣಕಾಲೆತ್ತರ ಇದ್ದ ಗುಡ್ಡೆ ಎದೆಮಟ್ಟಕ್ಕೆ ಬಂತು. ಕನ್ನಡಕದವನು ಹಿಗ್ಗಿ ಹೀರೇಕಾಯಿಯಾದ.

ಆಗ ಮೊದಲ ಅನಿಸಿಕೆ ಬಂತು. ಹೆಸರು ಬರೆಯುವ ಜಾಗದಲ್ಲಿ 'ಕಾವಲು' ಎಂದಿತ್ತು. ಕೆಳಗೆ, 'ಬಾಗಿಲು ತೆಗೆಯಲಿಲ್ಲ.'

ಅವನು ಖುಷಿಯಿಂದಲೇ ಉತ್ತರ ಬರೆದ. 'ನಿಮ್ಮ ಅನಿಸಿಕೆಗೆ ಧನ್ಯವಾದ. ತಮ್ಮ ಮಾತಿಗೆ ಆಧಾರವಿದ್ದರೆ ದಯವಿಟ್ಟು ಕಳಿಸಿ.' ಯಾರೋ ಬೊಮ್ಮನ ವಂಶದವರು ಇರಬೇಕು, ಪಾಪ, ಮನಸ್ಸಿಗೆ ನೋವಾಗಿದೆ ಎಂದುಕೊಂಡ.

ಮುಂದಿನ ರಜಾದಿನ, ಬಸ್ಸು ಬಂದು ಹೋದ ಮೇಲೆ, ಇನ್ನೊಂದು ಬಂತು. 'ಮೊದಲು ಇಡುತ್ತಿದ್ದರು. ಈಗ ಎಸೆಯುತ್ತಿದ್ದಾರೆ.' ಅದಕ್ಕೂ ಧನ್ಯವಾದ ಹೇಳಿ ಆಧಾರ ಕೇಳಿದ. ಆಮೇಲೆ ಬಸ್ಸು ಬಂದ ದಿನವೆಲ್ಲ ಒಂದು ಅನಿಸಿಕೆ ಬರತೊಡಗಿತು. 'ಇಂದು ಬಂದವರಲ್ಲಿ ನೀಲಿ ಸೀರೆಯ ಹೆಂಗಸು ಎಸೆಯಲಿಲ್ಲ. ಅವಳಿಗೆ ಒಳ್ಳೆಯದಾಗಲಿ.' 'ಇಂದು ಬಹಳ ಜನ ಬಂದಿದ್ದರು. ಎದೆಯ ಮೇಲೆ ಭಾರವಾಗಿದೆ.'

ಇದನ್ನು ಓದಿದಾಗ ಅವನಿಗೆ ಮೊದಲ ಸಲ ಮೈ ಜುಂ ಎಂದಿತು. ಬಂದವರಲ್ಲಿ ಯಾರು ಕಲ್ಲೆಸೆದರು, ಯಾರು ಎಸೆಯಲಿಲ್ಲ ಎಂದು ನೋಡುತ್ತಾ ಕೂರುವವರು ಆ ಪಾಳು ಕೋಟೆಯಲ್ಲಿ ಯಾರಿದ್ದಾರೆ? ಯಾರೋ ಪೋಕರಿ ಆಟವಾಡುತ್ತಿದ್ದಾನೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಮತ್ತೆ ಆಧಾರ ಕಳಿಸಿ ಎಂದೇ ಬರೆದ.

ಈ ಸಲ ಆಧಾರ ಬಂತು. 'ನೀವೇ ಹಾಕಿರುವ ಚಿತ್ರ ನೋಡಿ.'

ಬೊಮ್ಮನ ಬರಹದ ಜೊತೆಗೆ ಒಂದು ಚಿತ್ರವಿತ್ತು. ಎಷ್ಟೋ ವರ್ಷದ ಹಿಂದೆ ಅವನೇ ತೆಗೆದದ್ದು. ಗುಡ್ಡೆಯ ಮುಂದೆ ಕಲ್ಲು ಹಿಡಿದು ನಿಂತ ಒಬ್ಬ ಮುದುಕ ಕುರಿಗಾಹಿ. ಕೆಳಗೆ 'ದ್ರೋಹಿಗೆ ಕಲ್ಲೆಸೆಯುತ್ತಿರುವ ಕುರಿಗಾಹಿ' ಎಂದು ಬರೆದಿದ್ದ. ಈಗ ಆ ಚಿತ್ರವನ್ನು ದೊಡ್ಡದು ಮಾಡಿ ನೋಡಿದ. ಮುದುಕ ಚಪ್ಪಲಿಯನ್ನು ದೂರದಲ್ಲಿ ಬಿಟ್ಟಿದ್ದ. ಹೆಗಲ ಕಂಬಳಿಯನ್ನು ಕೆಳಗಿಳಿಸಿದ್ದ. ಕಲ್ಲನ್ನು ಎರಡೂ ಕೈಯಲ್ಲಿ ಹಿಡಿದು, ಸದ್ದಾಗದ ಹಾಗೆ ಇಡಲು ನಡು ಬಗ್ಗಿಸಿದ್ದ.

ಕಲ್ಲೆಸೆಯುವವನು ಯಾವನೂ ಚಪ್ಪಲಿ ಬಿಡುವುದಿಲ್ಲ. ಕನ್ನಡಕದವನಿಗೆ ಎಲ್ಲವೂ ಒಮ್ಮೆಗೇ ಅರ್ಥವಾಯಿತು. ಕೋಟೆಯ ನೆಲ ಬರೀ ಬಂಡೆ. ಅಗೆಯಲು ಆಗುವುದಿಲ್ಲ, ಮುಚ್ಚಲು ಮಣ್ಣಿಲ್ಲ. ಸತ್ತ ಕಾವಲುಗಾರನನ್ನು ನರಿ ಎಳೆಯದಿರಲಿ ಎಂದು ಯಾರೋ ಮೊದಲ ಕಲ್ಲು ಇಟ್ಟಿದ್ದರು. ಮಣ್ಣಿಗೆ ಬಂದವರು ಒಂದೊಂದು ಹಿಡಿ ಮಣ್ಣು ಹಾಕುವ ಹಾಗೆ ದಾರಿಹೋಕರು ಒಂದೊಂದು ಕಲ್ಲು ಇಡುತ್ತಾ ಬಂದಿದ್ದರು. ಅಷ್ಟು ತಲೆಮಾರಿನ ಜನ ಬೊಮ್ಮನಿಗೆ ಮಾಡಿದ ಮರ್ಯಾದೆ ಅದು. ಆ ಮರ್ಯಾದೆಯನ್ನೇ ಅವನು ಅವಮಾನವೆಂದು ಬರೆದಿದ್ದ.

ತಿದ್ದಲು ಒಂದು ಸಾಲು ಸಾಕಾಗಿತ್ತು. ಚೌಕಕ್ಕೆ ಬೆರಳನ್ನೂ ಇಟ್ಟ. ಆಮೇಲೆ ನಾಟಕವಾಡಿದ ಮಕ್ಕಳು ನೆನಪಾದರು. ಶಾಲು ಹೊದಿಸಿದವರು ನೆನಪಾದರು. ಬೊಮ್ಮ ದ್ರೋಹಿಯಲ್ಲದಿದ್ದರೆ ಕೋಟೆಗೆ ಯಾರು ಬರುತ್ತಾರೆ, ತನ್ನ ಬರಹವನ್ನು ಯಾರು ಓದುತ್ತಾರೆ ಎಂಬ ಯೋಚನೆ ಬಂತು. ಅವನು ಚಿತ್ರದ ಸುತ್ತಲ ಭಾಗವನ್ನು ಕತ್ತರಿಸಿದ. ಚಪ್ಪಲಿಯೂ ಹೋಯಿತು, ಕಂಬಳಿಯೂ ಹೋಯಿತು. ಉಳಿದದ್ದು ಕೈ ಮತ್ತು ಕಲ್ಲು. ಅನಿಸಿಕೆಗೆ ಧನ್ಯವಾದ, ಮಂಡಲಿ ಪರಿಶೀಲಿಸುತ್ತದೆ ಎಂದು ಉತ್ತರ ಬರೆದ. ಬರೆಯುವಾಗ ನಾಚಿಕೆಯಾಯಿತು. ಆದರೂ ಬರೆದ.

ಸ್ವಲ್ಪ ದಿನ ಕಳೆದ ಮೇಲೆ ಒಂದು ಕಾಲೇಜಿನ ಹುಡುಗರು ಕೋಟೆಗೆ ಹೊರಟು ಅವನನ್ನೂ ಮುಖ್ಯ ಅತಿಥಿಯಾಗಿ ಕರೆದುಕೊಂಡು ಹೋದರು. ಉರಿಬಿಸಿಲು. ಹೆಬ್ಬಾಗಿಲಿನಲ್ಲಿ ಅವರನ್ನು ಬಿಟ್ಟರೆ ಒಂದು ಕಾಗೆಯೂ ಇರಲಿಲ್ಲ. ಹುಡುಗರು ಕೇಕೆ ಹಾಕಿ ಕಲ್ಲೆಸೆದರು. ಕಲ್ಲಿನ ಮೇಲೆ ಕಲ್ಲು ಬಿದ್ದು ಖಣಖಣ ಎಂದಿತು. ಒಬ್ಬ ಒಂದು ಕಲ್ಲನ್ನು ತಂದು ಅವನ ಕೈಗೆ ಕೊಟ್ಟ.

"ಸಾರ್, ನೀವು ಎಸೀದಿದ್ರೆ ಹೆಂಗೆ? ನಿಮ್ಮಿಂದಾನೇ ಅಲ್ವಾ ಇದೆಲ್ಲ ನಮ್ಗೆ ಗೊತ್ತಾಗಿದ್ದು!"

"ನಂಗ್ಯಾಕಪ್ಪಾ, ತೋಳು ನೋವು" ಎಂದ ಅವನು.

"ಒಂದೇ ಒಂದು ಸಾರ್!"

ಎಲ್ಲರೂ ಅವನನ್ನೇ ನೋಡುತ್ತಿದ್ದರು. ಆಗಲಾದರೂ ಹೇಳಬಹುದಿತ್ತು. ಅವನು ಎಸೆದ. ಅವನ ಕಲ್ಲು ಖಣ್ ಎನ್ನಲಿಲ್ಲ. ಅಕ್ಕಿ ಮೂಟೆಯ ಮೇಲೆ ಬಿದ್ದ ಹಾಗೆ ಮೆತ್ತಗೆ ಬಿತ್ತು. ಅದರ ಹಿಂದೆಯೇ ಗುಡ್ಡೆಯ ಒಳಗಿನಿಂದ ಉದ್ದಕ್ಕೆ ಉಸಿರು ಬಿಟ್ಟ ಸದ್ದು ಬಂತು. ಹುಡುಗರು ನಗುತ್ತಲೇ ಇದ್ದರು. ಅವರಿಗೆ ಕೇಳಿಸಿರಲಿಲ್ಲ.

ಮನೆಗೆ ಬರುವಷ್ಟರಲ್ಲಿ ಅನಿಸಿಕೆ ಬಂದು ಕೂತಿತ್ತು. 'ಇಂದು ನೀವು ಬಂದಿದ್ದಿರಿ. ನಿಮ್ಮ ಕಲ್ಲು ಸಣ್ಣದು. ನೀವು ಬರೆದದ್ದು ಅದಕ್ಕಿಂತ ಭಾರ.'

ಇನ್ನು ಮೇಲೆ ಅನಿಸಿಕೆಗಳನ್ನು ತೆರೆದು ನೋಡುವ ಧೈರ್ಯ ಕನ್ನಡಕದವನಿಗೆ ಉಳಿಯಲಿಲ್ಲ. ಆದರೆ ಬಂದ ಅನಿಸಿಕೆಗೆಲ್ಲ ಉತ್ತರ ಕೊಡುವ ನೇಮವನ್ನು ಮುರಿಯಲೂ ಮನಸ್ಸಿಲ್ಲ. ಆ ಕೆಲಸ ಗೊತ್ತಿದ್ದವರನ್ನು ಕರೆಸಿ, ಯಾರೇ ಏನೇ ಬರೆದರೂ ಉತ್ತರ ತಾನಾಗಿಯೇ ಹೋಗುವ ಏರ್ಪಾಡು ಮಾಡಿಸಿದ. ಧನ್ಯವಾದವೂ ತಪ್ಪಲಿಲ್ಲ, ಓದುವ ಕಷ್ಟವೂ ತಪ್ಪಿತು. ಜಾಣ ಮನುಷ್ಯ!

ಆದರೆ ಅವನ ಎದೆಗೆ ಏನೋ ಆಯಿತು. ಬಸ್ಸು ಬಂದ ದಿನ ಎದೆ ಒತ್ತಿದಂತಾಗುತ್ತಿತ್ತು. ವೈದ್ಯರು ನೋಡಿ ಏನೂ ಇಲ್ಲ ಎಂದರು. ಗಾಬರಿಪಡಬೇಡಿ, ಗಾಳಿ ಬೆಳಕಿನಲ್ಲಿ ಓಡಾಡಿ ಎಂದರು. ಒಂದು ಭಾನುವಾರ ಊಟವಾದ ಮೇಲೆ ಅಡ್ಡಾದವನು ಮತ್ತೆ ಏಳಲಿಲ್ಲ. ಹೆಂಡತಿ ಬಂದು ನೋಡಿದಾಗ ಅವನ ಎರಡೂ ಅಂಗೈ ಎದೆಯ ಮೇಲೆ ಮೇಲ್ಮುಖವಾಗಿದ್ದವು. ಏನನ್ನೋ ಮೇಲಕ್ಕೆ ತಳ್ಳುತ್ತಿದ್ದವನ ಕೈಯ ಹಾಗೆ.

ತಿಥಿ ಮುಗಿದ ಮೇಲೆ ಹೆಂಡತಿ ಅವನ ಗಣಕಯಂತ್ರವನ್ನು ತೆರೆದಳು. ಗಂಡ ಬದುಕಿದ್ದಾಗ ಒಂದು ಸಾಲೂ ಓದಲಿಲ್ಲವಲ್ಲ ಎಂದು ಅವಳಿಗೆ ಅಳು ಬಂದಿತ್ತು, ಈಗಲಾದರೂ ಓದೋಣ ಎಂದುಕೊಂಡಳು. ಬೊಮ್ಮನ ಬರಹದ ಕೆಳಗೆ ಅನಿಸಿಕೆಗಳ ಸಾಲೇ ಇತ್ತು. ಅವನು ಸತ್ತ ಭಾನುವಾರದ್ದು ಅವಳ ಕಣ್ಣಿಗೆ ಬಿತ್ತು. ಹೆಸರು ಅದೇ, 'ಕಾವಲು'.

'ಇಂದು ನನ್ನ ಪಕ್ಕಕ್ಕೆ ಇನ್ನೊಬ್ಬರು ಬಂದಿದ್ದಾರೆ. ಅವರಿಗೂ ಭಾರವಾಗಿದೆ. ಕಲ್ಲು ಎಸೆಯಬೇಡಿ ಎಂದು ಅವರೂ ಕೇಳಿಕೊಳ್ಳುತ್ತಿದ್ದಾರೆ.'

ಅದರ ಕೆಳಗೆ ಅವಳ ಗಂಡನ ಹೆಸರಿನಲ್ಲಿ ಉತ್ತರ ಹೋಗಿತ್ತು. 'ನಿಮ್ಮ ಅನಿಸಿಕೆಗೆ ಧನ್ಯವಾದ. ನಮ್ಮ ಸಂಪಾದಕ ಮಂಡಲಿ ಇದನ್ನು ಪರಿಶೀಲಿಸುತ್ತದೆ.'

ಅವಳು ಬರಹವನ್ನು ತೆಗೆಯಲು ನೋಡಿದಳು. ಯಂತ್ರ ಗುಟ್ಟಿನ ಪದ ಕೇಳಿತು. ಅದು ಗೊತ್ತಿದ್ದವನು ಅವನೊಬ್ಬನೇ. ಬಸ್ಸುಗಳು ಇಂದಿಗೂ ಕೋಟೆಗೆ ಹೋಗುತ್ತಿವೆ.

ಗುರುಗಳು ಕತೆ ನಿಲ್ಲಿಸಿದರು. ಬೇವಿನ ನೆರಳು ಅಷ್ಟರಲ್ಲಿ ಪಕ್ಕಕ್ಕೆ ಸರಿದಿತ್ತು. ಗುರುಪಾದನಿಗೆ ಒಳಗೊಳಗೇ ಚಳಿಯಾದಂತಿತ್ತು. ಆದರೂ ಅವನು ಓದಿದ ಹುಡುಗ. ತನ್ನ ಮೇಲೆ ಮಾತು ಬರುತ್ತದೆ ಎಂದು ತಿಳಿದು ಮೊದಲೇ ಸಿದ್ಧನಾದ.

"ಆತ ತಪ್ಪೆಂದು ಗೊತ್ತಾದ ಮೇಲೂ ತಿದ್ದಲಿಲ್ಲ, ಬುದ್ಧಿ. ಅದು ಪಾಪವೇ. ನನ್ನ ವಿಷಯ ಹಾಗಲ್ಲ. ಬಾವಿ ನೋಡಿ ಎನ್ನುತ್ತಾಳೆ ಆಕೆ. ನಾನು ಬಂದಾಗಿನಿಂದ ಈ ಮಠದ ಮೂಲೆಮೂಲೆಯನ್ನೂ ಬಲ್ಲೆ. ಇಲ್ಲದ ಬಾವಿಯನ್ನು ಎಲ್ಲಿ ನೋಡಲಿ?"

ಗುರುಗಳು ಕೋಲು ಊರಿಕೊಂಡು ಕುರ್ಚಿಯಿಂದ ಎದ್ದರು.

"ಮೊದಲು ನೀನು ಕೂತ ಚಪ್ಪಡಿಯ ಮೇಲಿಂದ ಏಳು ಗುರುಪಾದ, ಅದರ ಕೆಳಗಿರುವುದೇ ಆ ಬಾವಿ."

ಗುರುಪಾದ ಎದ್ದ. ಬಗ್ಗಿ ಚಪ್ಪಡಿಯ ಅಂಚಿಗೆ ಕೈ ಹಾಕಿದ.