ಇನ್ನೂರು ಜನದ ಕಾವಲಿ

ನಗೋದಾದ್ರೆ ಕೊನೇಲಿ ನಗಿ, ನಡುವೆ ನಕ್ಕರೆ ನಾನು ಎದ್ದು ಹೋಗ್ತೀನಿ.

ಹೊನ್ನೂರಮ್ಮ ಅಂತ ಒಬ್ಬಳು. ಮನೆ ಮುಂದೆ ಒಂದು ಕಾವಲಿ ಇಟ್ಕೊಂಡು ದೋಸೆ ಹುಯ್ದು ಬದುಕೋಳು. ಅವಳಿಗೆ ತಿಪ್ಪೇಶ ಅಂತ ಒಬ್ಬ ಮಗ. ಹೇಳಿದ್ದು ಬಿಡೋನಲ್ಲ, ಹೇಳದ್ದು ಮಾಡೋನಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಹಂಗೆ ಸಾಕಿದ್ಲು. ಆದರೂ ದಿನಕ್ಕೆ ನಾಲ್ಕು ಸಲ ಹಣೆ ಚಚ್ಕೊಳ್ತಿದ್ಲು.

ಒಂದಿನ ಗುರುಬಸಪ್ಪನೋರು ಬಂದ್ರು. "ಭಾನುವಾರ ನನ್ನ ಮಗಳ ನಿಶ್ಚಿತಾರ್ಥ. ಬೀಗರೂ ಸೇರಿ ಇನ್ನೂರು ಜನ. ಬೆಳಿಗ್ಗೆ ಎಂಟಕ್ಕೆ ದೋಸೆ ಎಲೆಗೆ ಬೀಳಬೇಕು. ಕಾರ್ಯ ಸಮುದಾಯ ಭವನದಲ್ಲಿ, ಅಲ್ಲಿ ಬೆಂಕಿ ಹಚ್ಚೋ ಹಂಗಿಲ್ಲ, ಎಲ್ಲಾ ಕರೆಂಟಲ್ಲೇ ಆಗಬೇಕು. ನಿನ್ನ ಕೈಲಾಗದಿದ್ರೆ ಈಗಲೇ ಹೇಳಮ್ಮ, ಭವನದ ಎದುರಿಗೇ ರುದ್ರಪ್ಪನ ಹೋಟ್ಲಿದೆ. ಬೀಗರ ಮುಂದೆ ನನ್ನ ಮಾನ ಹೋದ್ರೆ, ಆಮೇಲೆ ಈ ಊರಲ್ಲಿ ಯಾರೂ ನಿನಗೆ ಅಡುಗೆ ಹೇಳಲ್ಲ."

"ಆಗುತ್ತೆ ಬುದ್ಧೀ" ಅಂದ್ಲು. ಹುಟ್ಟಿದ ಮೇಲೆ ಅವಳಿಗೆ ಸಿಕ್ಕ ಮೊದಲ ದೊಡ್ಡ ಕೆಲಸ ಅದು.

ಗುರುವಾರ ಮಗನ್ನ ಕರೆದ್ಲು. "ಪೇಟೆಗೆ ಹೋಗು. ಹನ್ನೆರಡು ದೋಸೆ ಹಿಡಿಸೋ ಕರೆಂಟ್ ಕಾವಲಿ ತಾ."

ಹನ್ನೆರಡು ದೋಸೆ ಗಂಟು ಕಟ್ಕೊಂಡು ಹೋದ. ಅಂಗಡೀಲಿ ಎಲ್ಲಕ್ಕಿಂತ ಸಣ್ಣ ಕಾವಲಿ ಮೇಲೆ ಒಂದಿಟ್ಟ, ಅದರ ಮೇಲೆ ಇನ್ನೊಂದಿಟ್ಟ, ಅದರ ಮೇಲೆ ಮತ್ತೊಂದಿಟ್ಟ. ಹನ್ನೆರಡೂ ಕೂತವು. ತಂದೇ ಬಿಟ್ಟ.

"ಅಯ್ಯೋ ಪೆದ್ದ ಮುಂಡೇದೆ, ಒಂದರ ಮೇಲೊಂದು ಪೇರಿಸ್ತಾರೇನೋ? ಪಕ್ಕಪಕ್ಕ ಹರಡಬೇಕು ಕಣೋ, ಒಂದಕ್ಕೊಂದು ತಾಕಬಾರದು. ನೆನಪಿಟ್ಕೊ."

"ಆಯ್ತವ್ವ, ಪಕ್ಕಪಕ್ಕ."

ಶುಕ್ರವಾರ ಹೋದ. ದೋಸೆ ಪಕ್ಕಪಕ್ಕ ಹರಡಿ ನೋಡಿದ, ಮಂಚದಗಲದ ಕಾವಲಿ ಸಿಕ್ತು. ಅಂಗಡಿಯೋನು ಕಾಲು ಬಿಚ್ಚಿ, ವೈರು ಬಿಚ್ಚಿ, ಬಸ್ಸಿಗೆ ಹತ್ತಿಸಿದ. ಇವನೇನು ಮಾಡಿದ? ಕಾವಲಿಗೊಂದು ಸೀಟು, ಮುಚ್ಚಳಕ್ಕೊಂದು ಸೀಟು, ನಾಲ್ಕು ಕಾಲಿಗೆ ನಾಲ್ಕು ಸೀಟು, ಹಿಂದುಗಡೆ ವೈರಿಗೊಂದು ಸೀಟು. ಬಸುರಿ ಹೆಂಗಸರು, ಮುದುಕರು, ಎಲ್ಲ ನಿಂತಿದ್ದಾರೆ. ಕಂಡಕ್ಟರು ಸಿಟ್ಟಿಗೆದ್ದು ನಡುದಾರೀಲಿ ಇಳಿಸಿದ. ಕಾಲು, ಮುಚ್ಚಳ ಸಮೇತ ಕಾವಲಿ ಹೊತ್ಕೊಂಡು ಮನೆಗೆ ಬಂದ. ವೈರು ಬಸ್ಸಲ್ಲೇ ಹೋಯ್ತು.

ನಡೆದದ್ದೆಲ್ಲ ಕೇಳಿ ಅವ್ವ ಹಣೆ ಚಚ್ಕೊಂಡ್ಲು. ವೈರಿಲ್ಲದ ಕಾವಲಿ ಎಷ್ಟು ದೊಡ್ಡದಿದ್ದರೇನು?

"ಜನ ಕೂರೋ ಜಾಗದಲ್ಲಿ ಸಾಮಾನು ಇಡ್ತಾರೇನೋ? ಮೊದಲು ಜನ, ಆಮೇಲೆ ಸಾಮಾನು. ಜನರ ಜೊತೆ ನೀನೂ ಸುಮ್ನೆ ಕೂತ್ಕೊ. ಎಲ್ಲರೂ ಎದ್ದು ಹೋದ ಮೇಲೆ ನಿನ್ನ ಸಾಮಾನು ತೆಗಿ. ನಾಳೆ ಹೋಗಿ ಆ ವೈರು ತಾ, ಇಲ್ಲಾಂದ್ರೆ ನನ್ನ ಮುಖ ನೋಡಬೇಡ."

"ಆಯ್ತವ್ವ, ಎಲ್ಲರೂ ಎದ್ದು ಹೋದ ಮೇಲೆ."

ಶನಿವಾರ ಬೆಳಿಗ್ಗೆ ಹೋದೋನು ಮಧ್ಯಾಹ್ನಕ್ಕೂ ಇಲ್ಲ. ಅವ್ವ ಅಕ್ಕಿ ರುಬ್ತಾಳೆ, ಬಾಗಿಲು ನೋಡ್ತಾಳೆ. ಉದ್ದು ರುಬ್ತಾಳೆ, ಬಾಗಿಲು ನೋಡ್ತಾಳೆ. ಅಲ್ಲಿ ವೈರು ಬಸ್ಸಿನ ಹಿಂದಿನ ಸೀಟಿನ ಕೆಳಗೇ ಇತ್ತು. ಇವನು ಅದರ ಮೇಲೇ ಕೂತಿದ್ದ. ಆದರೆ ಹತ್ತು ಜನ ಇಳಿದ್ರೆ ಹನ್ನೆರಡು ಜನ ಹತ್ತುತಾರೆ. ಕೊನೇ ಊರಿಗೆ ಹೋದ, ವಾಪಸ್ ಬಂದ, ಮತ್ತೆ ಹೋದ, ಮತ್ತೆ ಬಂದ. ಬಸ್ಸು ಪೂರ್ತಿ ಖಾಲಿ ಆದ ಮೇಲೇ ವೈರು ಮುಟ್ಟಿದ್ದು. ದೀಪ ಹಚ್ಚೋ ಹೊತ್ತಿಗೆ ಮನೆಗೆ ಬಂದ.

ವೈರು ಕಂಡಿದ್ದೇ ಅವಳಿಗೆ ಹೋದ ಜೀವ ಬಂತು. ಬೈಯೋದು ಮರೆತು ತಲೆ ಸವರಿದ್ಲು. ಅದೇ ಅವಳು ಮಾಡಿದ ತಪ್ಪು.

"ಜಾಣ ನನ್ನ ಮಗ. ನಾಳೆ ಭವನದಲ್ಲೂ ಹಿಂಗೇ ಇರು. ನನಗೆ ನೂರೆಂಟು ಕೆಲಸ, ವೈರು ನಿನ್ನ ಹತ್ರಾನೇ ಇರಲಿ."

"ಆಯ್ತವ್ವ, ಹಿಂಗೇ."

ಭಾನುವಾರ. ಎಂಟಕ್ಕೆ ಸರಿಯಾಗಿ ಬೀಗರು ಬಂದು ಎಲೆ ಮುಂದೆ ಕೂತ್ರು. ಅಡುಗೆಮನೇಲಿ ಕಾವಲಿ ನಿಂತಿದೆ, ಹಿಟ್ಟು ಉಕ್ಕಿ ಬಂದಿದೆ, ಚಟ್ನಿ ಆಗಿದೆ. ತಿಪ್ಪೇಶ ಇಲ್ಲ. ವೈರಿಲ್ಲ. ಭವನ ಕಾಯೋನು ತನ್ನಲ್ಲಿದ್ದ ವೈರೆಲ್ಲ ತಂದ, ಒಂದೂ ಕಾವಲಿ ತೂತಿಗೆ ಕೂರಲಿಲ್ಲ.

ಎಂಟೂಕಾಲು. ಹೊನ್ನೂರಮ್ಮ ಹಿತ್ತಿಲಿಗೆ ಓಡಿದ್ಲು, ಬೀದಿಗೆ ಓಡಿದ್ಲು. ಎಂಟೂವರೆ. ಬೀಗರ ಕಡೆ ಮಕ್ಕಳು ಅಳೋಕೆ ಶುರು ಮಾಡಿದವು. ಗುರುಬಸಪ್ಪನೋರು ಅಡುಗೆಮನೆ ಬಾಗಿಲಿಗೆ ಬಂದು ತಣ್ಣಗಿದ್ದ ಕಾವಲಿ ನೋಡಿದ್ರು, ಅವಳ ಮುಖ ನೋಡಿದ್ರು. ಹಿಂದಿರುಗಿ ಹೋಗಿ ಬೀಗರಿಗೆ ಕೈ ಮುಗಿದು, ಎಲ್ಲರನ್ನೂ ಎಬ್ಬಿಸಿ ರುದ್ರಪ್ಪನ ಹೋಟ್ಲಿಗೆ ಕರ್ಕೊಂಡು ಹೋದ್ರು.

ಅವಳು ಎಲ್ಲ ಕಡೆ ಹುಡುಕಿದ್ಲು, ಊಟದ ಪಂಕ್ತೀಲಿ ಮಾತ್ರ ನೋಡಲಿಲ್ಲ. ಕೊನೇ ಸಾಲಲ್ಲಿ, ಬೀಗರ ನಡುವೆ, ವೈರು ಅಂಗಿಯೊಳಗೆ ಸುತ್ಕೊಂಡು ತಿಪ್ಪೇಶ ಸುಮ್ನೆ ಕೂತಿದ್ದ. ಎಲ್ಲರೂ ಹೋದಾಗ ಕೋಲು ಹಿಡಿದ ಒಬ್ಬ ಮುದುಕ ಹಿಂದೆ ಉಳಿದಿದ್ದ. ಅವನ ಕೈ ಹಿಡಿದು ಮೆಟ್ಟಿಲು ಇಳಿಸಿ ಬಂದ. ಇನ್ನೂರು ಖಾಲಿ ಎಲೆ ಒಂದು ಸಲ ನೋಡ್ಕೊಂಡ. ಆಮೇಲೆ ಒಳಗೆ ಹೋಗಿ ವೈರು ಸಿಕ್ಕಿಸಿ ಸ್ವಿಚ್ ಹಾಕಿದ.

"ಅವ್ವ, ಎಲ್ಲರೂ ಎದ್ದು ಹೋದ್ರು. ಈಗ ಹುಯ್ಯಿ."